ಔಟ್ ಆದ ಬಾಲ್ ಯಾರ್ದು? ಬ್ಯಾಸ್ಕೆಟ್‌ಬಾಲ್ ರೆಫರಿಗಳು ಜೊತೆಯಾಗಿ ಹೇಳೋದು ಹೇಗೆ

ಬಾಲ್ ಗೆರೆ ದಾಟಿ ಹೋಗಿದ್ದು ಕೋರ್ಟ್ ಸುತ್ತ ಇರೋ ಎಲ್ರಿಗೂ ಕಾಣುತ್ತೆ, ಆದ್ರೆ ಕೊನೇಲಿ ಯಾರ ಬೆರಳು ತಾಗಿ ಹೋಯ್ತು ಅನ್ನೋದು ಒಬ್ಬರಿಗೋ ಇಬ್ಬರಿಗೋ ಮಾತ್ರ ಕಾಣುತ್ತೆ, ಎಷ್ಟೋ ಸಲ ಸೀಟಿ ಊದಿದ ರೆಫರಿಗೇ ಕಾಣದೆ ಆ ಕಡೆ ನಿಂತಿರೋ ಪಾರ್ಟ್‌ನರ್‌ಗೆ ಕಾಣುತ್ತೆ. ಈ ಕಾಲ್‌ನ (ರೆಫರಿ ಕೊಡೋ ತೀರ್ಪಿನ) ಕಷ್ಟ ಪೂರ್ತಿ ಇರೋದು ಇಲ್ಲೇ. ಹೊಸದಾಗಿ ಸೀಟಿ ಹಿಡಿದಿರೋ ಹುಡುಗ ಹುಡುಗೀರು ಫೌಲ್ ಬಗ್ಗೆ, ಟ್ರಾವೆಲಿಂಗ್ ಬಗ್ಗೆ ತುಂಬ ಕೇಳ್ತಾರೆ, ಔಟ್ ಬಗ್ಗೆ ಯಾರೂ ಕೇಳಲ್ಲ, ಅದು ಸುಲಭ ಅಂದ್ಕೊಂಡಿರ್ತಾರೆ. ಗೆರೆ ಕಾಯೋದು ಒಬ್ಬರ ಕೆಲಸ ಆದ್ರೂ ಬಾಲ್ ಯಾರ್ದು ಅಂತ ಹೇಳೋದು ಇಡೀ ಜೋಡಿಯ ಕೆಲಸ, ಮೂರು ಜನ ಇದ್ರೆ ಮೂರೂ ಜನರ ಕೆಲಸ. ಇದು ತಲೇಲಿ ಕೂತ್ರೆ ಎಲ್ಲಿ ನಿಲ್ಬೇಕು, ಯಾವಾಗ ಕೈ ತೋರಿಸ್ಬೇಕು ಅನ್ನೋದೆಲ್ಲ ತಾನಾಗೇ ಸರಿಹೋಗುತ್ತೆ.

ನಮ್ಮ ಕಡೆ ಕ್ಲಬ್ ಟೂರ್ನಮೆಂಟ್, ಇಂಟರ್‌ಕಾಲೇಜ್ ಎಲ್ಲ ನಡೆಯೋದು ಫಿಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ರೂಲ್ಸ್ ಪ್ರಕಾರ, ಅದಕ್ಕೆ ಇಲ್ಲಿ ಬರೆದಿರೋದೂ ಅದನ್ನೇ. ಟಿವೀಲಿ ಎನ್‌ಬಿಎ ನೋಡಿ ಅಲ್ಲಿನ ರೂಲ್ ಇಲ್ಲಿ ತರ್ಬೇಡಿ, ಕೆಲವು ಕಡೆ ಎರಡಕ್ಕೂ ವ್ಯತ್ಯಾಸ ಇದೆ.

ಮೊದಲು ರೂಲ್ ಕ್ಲಿಯರ್ ಇರ್ಲಿ

ಕೋರ್ಟ್ 28 ಮೀಟರ್ ಉದ್ದ 15 ಮೀಟರ್ ಅಗಲ, ಗೆರೆ 5 ಸೆಂಟಿಮೀಟರ್ ದಪ್ಪ, ಮತ್ತೆ ಗೆರೆ ಕೋರ್ಟ್‌ಗೆ ಸೇರಲ್ಲ, ಅಂದ್ರೆ ಗೆರೆ ಮುಟ್ಟಿದ್ರೆ ಔಟ್. ಬಾಲ್ ಗಾಳೀಲಿ ಗೆರೆ ದಾಟಿ ಹೊರಗಡೆ ಹೋಗಿದ್ರೂ ಇನ್ನೂ ಔಟ್ ಆಗಿಲ್ಲ, ಅದು ಹೊರಗಿನ ನೆಲ ಮುಟ್ಬೇಕು, ಇಲ್ಲಾ ಹೊರಗಿರೋ ಮನುಷ್ಯನನ್ನೋ ವಸ್ತುವನ್ನೋ ಮುಟ್ಬೇಕು. ರಿಂಗ್ ಕೂರಿಸಿರೋ ಬೋರ್ಡ್‌ನ ಹಿಂಭಾಗ ಮುಟ್ಟಿದ್ರೆ ಔಟ್, ಅದನ್ನ ಹಿಡಿದಿರೋ ಕಂಬ ಮುಟ್ಟಿದ್ರೆ ಔಟ್. ಕೋರ್ಟ್ ಮೇಲೆ ಏನಾದ್ರೂ ಇದ್ರೆ ಅದನ್ನ ಮುಟ್ಟಿದ್ರೂ ಔಟ್, ನಮ್ಮ ಓಪನ್ ಕೋರ್ಟ್‌ಗಳಲ್ಲಿ ಇದು ಸುಮ್ನೆ ಪುಸ್ತಕದ ಮಾತಲ್ಲ, ಫ್ಲಡ್‌ಲೈಟ್‌ಗೆ ಎಳೆದಿರೋ ವೈರ್ ಇರುತ್ತೆ, ಮರದ ಕೊಂಬೆ ಬಗ್ಗಿರುತ್ತೆ, ಎತ್ತರದ ಪಾಸ್ ಅದಕ್ಕೆ ತಾಗಿ ಒಳಗೇ ಬಿದ್ರೂ ಔಟೇ.

ಆಟಗಾರ ಎಲ್ಲಿದ್ದಾನೆ ಅನ್ನೋದು ಅವನು ಕೊನೇಲಿ ಎಲ್ಲಿ ನೆಲ ಮುಟ್ಟಿದ್ದ ಅನ್ನೋದರ ಮೇಲೆ. ಒಳಗಿಂದ ಹಾರಿ ಗಾಳೀಲಿ ಹೊರಗಡೆ ಇದ್ದು ಬಾಲ್‌ನ ವಾಪಸ್ ಒಳಗೆ ಎಸೆದ್ರೆ ಆಟ ಮುಂದುವರಿಯುತ್ತೆ. ಅದೇ ಹೊರಗೆ ಕಾಲಿಟ್ಟಿದ್ದವನು ಹಾರಿ ಬಾಲ್ ಮುಟ್ಟಿದ್ರೆ ಔಟ್, ಮುಟ್ಟೋ ಹೊತ್ತಿಗೆ ಅವನು ಪೂರ್ತಿ ಕೋರ್ಟ್ ಮೇಲೇ ತೇಲ್ತಾ ಇದ್ರೂ ಅಷ್ಟೇ. ರೆಫರಿಗೂ ಇದೇ ಲೆಕ್ಕ. ಬಾಲ್ ರೆಫರಿಗೆ ತಾಗಿದ್ರೆ ಅವರು ನಿಂತಿರೋ ಜಾಗದ ನೆಲ ಮುಟ್ಟಿದ ಹಾಗೆ, ಹಾಗಾಗಿ ಎಂಡ್‌ಲೈನ್ (ಬ್ಯಾಸ್ಕೆಟ್ ಹಿಂದಿನ ಗೆರೆ) ಹೊರಗೆ ನಿಂತ ಲೀಡ್‌ಗೆ, ಅಂದ್ರೆ ಆಟಕ್ಕಿಂತ ಮುಂದೆ ಹೋಗಿ ಬ್ಯಾಸ್ಕೆಟ್ ಹತ್ರ ನಿಲ್ಲೋ ರೆಫರಿಗೆ, ತಾಗಿದ್ರೆ ಔಟ್, ಒಳಗೆ ನಿಂತ ಟ್ರೈಲ್‌ಗೆ, ಅಂದ್ರೆ ಆಟದ ಹಿಂದೆ ಬರೋ ರೆಫರಿಗೆ, ತಾಗಿದ್ರೆ ಆಟ ನಡೀತಾನೇ ಇರುತ್ತೆ. ಬರೀ ಒಂದು ಹೆಜ್ಜೆ ಒಳಗೋ ಹೊರಗೋ ನಿಂತಿದ್ದಕ್ಕೆ ಒಂದು ಟೀಮ್‌ನ ಪೊಸೆಷನ್ ಹೋಗಬಹುದು, ಎಲ್ಲಿ ನಿಂತಿದೀರಿ ಅಂತ ನಿಮಗೆ ಯಾವಾಗ್ಲೂ ಗೊತ್ತಿರ್ಬೇಕು.

ಬಾಲ್ ಯಾರಿಗೆ ಅಂದ್ರೆ, ಔಟ್ ಆಗೋಕೆ ಮುಂಚೆ ಕೊನೇಲಿ ಬಾಲ್ ಮುಟ್ಟಿದವರ, ಇಲ್ಲಾ ಬಾಲ್ ಯಾರಿಗೆ ತಾಗಿತೋ ಅವರ ಎದುರಾಳಿಗೆ. ಬೇಕಂತಲೇ ಮುಟ್ಟಿದ್ರಾ ಅನ್ನೋ ಪ್ರಶ್ನೇನೇ ಬರಲ್ಲ. ಮೂಲೇಲಿ ಸಿಕ್ಕಾಕೊಂಡ ಹುಡುಗ ಎದುರಾಳಿಯ ಮೊಣಕಾಲಿಗೆ ಬಾಲ್ ಹೊಡೆದು ಹೊರಗೆ ಕಳಿಸಿದ್ರೆ ಬಾಲ್ ಅವನದ್ದೇ, ಎದುರಾಳಿ ಕೋಚ್ ಎಷ್ಟೇ ಕೂಗಾಡಿದ್ರೂ. ಇಬ್ಬರೂ ಒಟ್ಟಿಗೆ ಮುಟ್ಟಿದ್ರೆ, ರೆಫರಿಗಳಿಗೆ ಡೌಟ್ ಇದ್ರೆ, ಅಥವಾ ರೆಫರಿಗಳಲ್ಲೇ ಒಮ್ಮತ ಇಲ್ದಿದ್ರೆ ಜಂಪ್ ಬಾಲ್, ಅಂದ್ರೆ ಸ್ಕೋರ್ ಬರೆಯೋರ ಟೇಬಲ್ ಮೇಲಿರೋ ಆರೋ (ಇಂಥ ಸಲ ಬಾಲ್ ಯಾರ ಸರದಿ ಅಂತ ತೋರ್ಸೋ ಬಾಣದ ಗುರುತು) ಯಾರ ಕಡೆ ಇದೆಯೋ ಅವರಿಗೆ.

ಇದು ಇವತ್ತಿನ ಜಗಳ ಅಲ್ಲ ನೋಡಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಮೊದಲ 13 ರೂಲ್‌ಗಳಲ್ಲೇ ಬಾಲ್ ಹೊರಗೆ ಹೋದ್ರೆ ಮೊದಲು ಹೋಗಿ ಮುಟ್ಟಿದವನೇ ಒಳಗೆ ಎಸೀಬೇಕು, ತಕರಾರು ಬಂದ್ರೆ ಅಂಪೈರ್ ತಾನೇ ನೇರವಾಗಿ ಒಳಗೆ ಎಸೀಬೇಕು ಅಂತಿತ್ತು. ಮೊದಲು ಮುಟ್ಟಿದವರಿಗೆ ಅಂದ್ರೆ ಏನಾಗುತ್ತೆ ಅಂತ ಊಹಿಸ್ಕೊಳ್ಳಿ, ಹತ್ತು ಜನ ಒಬ್ಬರ ಮೇಲೊಬ್ಬರು ಬಿದ್ದು ಓಡ್ಬೇಕು. ಆಮೇಲೆ ರೂಲ್ ಬದಲಾಯ್ತು, ತಕರಾರು ಬಂದ್ರೆ ಏನು ಮಾಡೋದು ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳ್ಕೊಂಡಿದೆ.

ಯಾವ ಗೆರೆ ಯಾರದ್ದು

ಇಬ್ಬರು ರೆಫರಿ ಇರೋ ಮ್ಯಾಚಲ್ಲಿ (ನಮ್ಮ ಲೋಕಲ್ ಟೂರ್ನಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಇಬ್ಬರೇ) ನೆನಪಿಟ್ಕೊಳ್ಳೋಕೆ ಒಂದು ಸುಲಭ ದಾರಿ ಇದೆ. ಕೋರ್ಟ್ ಕಡೆ ಮುಖ ಮಾಡಿ ನಿಂತಾಗ ನಿಮ್ಮ ಎಡಗೈ ಕಡೆಯ ಸೈಡ್‌ಲೈನ್ ನಿಮ್ಮದು, ಟ್ರೈಲ್ ಆಗಿದ್ರೂ ಅಷ್ಟೇ, ಲೀಡ್ ಆಗಿದ್ರೂ ಅಷ್ಟೇ. ಅದರ ಜೊತೆ ಲೀಡ್‌ಗೆ ಎಂಡ್‌ಲೈನ್, ಟ್ರೈಲ್‌ಗೆ ಸೆಂಟರ್ ಲೈನ್. ಆಟ ಆ ಕಡೆ ಈ ಕಡೆ ತಿರುಗಿದಾಗ ಲೀಡ್ ಟ್ರೈಲ್ ಅದಲು ಬದಲಾಗ್ತಾರೆ, ಆದ್ರೆ ಸೈಡ್‌ಲೈನ್ ಬದಲಾಗಲ್ಲ, ಒಂದ್ಸಲ ಮನಸ್ಸಲ್ಲೇ ಓಡಿ ನೋಡಿ ಗೊತ್ತಾಗುತ್ತೆ. ಫೌಲ್ ಆದ್ಮೇಲೆ ಇಬ್ಬರೂ ಜಾಗ ಬದಲಾಯಿಸಿದಾಗ ಮಾತ್ರ ಸೈಡ್‌ಲೈನೂ ಬದಲಾಗುತ್ತೆ, ಆ ಕ್ಷಣದಲ್ಲಿ ಇದು ಯಾರದ್ದು ಅಂತ ಗೊಂದಲ ಆಗೋದು ಜಾಸ್ತಿ, ಹಾಗಾಗಿ ಸ್ವಿಚ್ ಆದ ತಕ್ಷಣ ಹೊಸ ಗೆರೆ ಕಡೆ ಒಂದ್ಸಲ ಕಣ್ಣು ಹಾಯಿಸಿ.

ಈ ಪದ್ಧತಿಯ ದೊಡ್ಡ ತೂತು ಒಂದಿದೆ. ಲೀಡ್ ಎಂಡ್‌ಲೈನ್ ಹತ್ರ ನಿಂತಿರ್ತಾರೆ, ಅವರ ಸೈಡ್‌ಲೈನ್‌ನ ಇನ್ನೊಂದು ತುದಿ, ಸೆಂಟರ್ ಲೈನ್ ಹತ್ರ ಇರೋದು, ತುಂಬಾ ದೂರ. ಟ್ರೈಲ್‌ಗೆ ಅದು ಕೋರ್ಟ್‌ನ ಪೂರ್ತಿ ಆಚೆ ಕಡೆ. ಪುಸ್ತಕದ ಪ್ರಕಾರ ಅದು ಲೀಡ್‌ದೇ, ಆದ್ರೆ ಅಲ್ಲಿ ಗಾರ್ಡ್ ಮೇಲೆ ಇಬ್ಬರು ಬಿದ್ದು ಟ್ರ್ಯಾಪ್ ಮಾಡಿದಾಗ ಲೀಡ್‌ಗೆ ಕಾಣೋದು ಬರೀ ಬೆನ್ನು. ಇಂಥ ಜಾಗದಲ್ಲಿ ಟ್ರೈಲ್ ತನ್ನ ಸೈಡ್‌ಲೈನ್‌ಗೆ ಅಂಟ್ಕೊಂಡು ನಿಲ್ಲಬಾರದು, ಬಾಲ್ ಆ ಕಡೆ ಹೋದಾಗ ಎರಡು ಮೂರು ಹೆಜ್ಜೆ ಕೋರ್ಟ್ ನಡುವಿಗೆ ಬರ್ಬೇಕು, ಕೈಗಳು ಕಾಣೋ ಹಾಗೆ. ಲೈನ್ ಲೀಡ್‌ದು, ಕೈ ಟ್ರೈಲ್‌ದು. ಇದನ್ನ ಮ್ಯಾಚ್ ಶುರುವಾಗೋಕೆ ಮುಂಚೆ ಬಾಯಿಬಿಟ್ಟು ಮಾತಾಡ್ಕೊಳ್ಳಿ, ಅವರಿಗೆ ಗೊತ್ತಿರುತ್ತೆ ಬಿಡು ಅಂತ ಬಿಡಬೇಡಿ.

ಫುಲ್ ಕೋರ್ಟ್ ಪ್ರೆಸ್ (ಎದುರಾಳಿಗಳನ್ನ ಇಡೀ ಕೋರ್ಟ್ ಉದ್ದಕ್ಕೂ ಒತ್ತಿ ಕಾಯೋದು) ಬಂದಾಗಲೂ ಹೀಗೇ. ಹೊಸ ಲೀಡ್ ಆಗೋರು ಅಭ್ಯಾಸಬಲದಿಂದ ಎಂಡ್‌ಲೈನ್‌ಗೆ ಓಡಿಬಿಡ್ತಾರೆ, ಹಿಂದೆ ಟ್ರೈಲ್ ಒಬ್ಬರೇ ಎಂಟು ಹತ್ತು ಆಟಗಾರರನ್ನ ನೋಡ್ಬೇಕಾಗುತ್ತೆ. ಆಟಗಾರರು ಎಲ್ಲಿದ್ದಾರೋ ಅಲ್ಲಿಗೆ ತಕ್ಕ ಹಾಗೆ ಲೀಡ್ ಸೆಂಟರ್ ಲೈನ್ ಸುತ್ತಮುತ್ತ ನಿಂತು ತನ್ನ ಕಡೆಯ ಸೈಡ್‌ಲೈನ್ ಕಾಯ್ಬೇಕು, ಹತ್ತೂ ಜನ ಇಬ್ಬರು ರೆಫರಿಗಳ ಮಧ್ಯೆ ಇರ್ಬೇಕು ಅನ್ನೋದು ಹಳೇ ನಿಯಮ, ಈಗಲೂ ಅದಕ್ಕಿಂತ ಒಳ್ಳೇದು ಇಲ್ಲ.

ಮೂರು ಜನ ಇದ್ರೆ ಲೆಕ್ಕ ಸುಲಭ. ಎಂಡ್‌ಲೈನ್ ಲೀಡ್‌ಗೆ, ಒಂದು ಸೈಡ್‌ಲೈನ್ ಟ್ರೈಲ್‌ಗೆ, ಇನ್ನೊಂದು ಸೆಂಟರ್ ಅನ್ನೋ ಮೂರನೇ ರೆಫರಿಗೆ. ಬೆಂಗಳೂರಲ್ಲಿ 2017 ಮತ್ತೆ 2019ರಲ್ಲಿ ಕಂಠೀರವ ಒಳಾಂಗಣದಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೀತಲ್ಲ, ಅಂಥ ಮ್ಯಾಚ್‌ಗಳ ವಿಡಿಯೋ ಸಿಕ್ಕಿದ್ರೆ ಒಂದು ಕ್ವಾರ್ಟರ್ ಪೂರ್ತಿ ಬಾಲ್ ನೋಡದೆ ರೆಫರಿಗಳನ್ನ ಮಾತ್ರ ನೋಡಿ. ಬಾಲ್ ಔಟ್ ಆದಾಗ ಸೀಟಿ ಊದಿದವರ ತಲೆ ಮೊದಲು ಎಲ್ಲಿಗೆ ತಿರುಗುತ್ತೆ, ಉಳಿದಿಬ್ಬರು ಏನು ಮಾಡ್ತಾರೆ ಅಂತ ಗಮನಿಸಿ. ಯಾವ ರೆಫರಿ ತರಬೇತಿ ಕ್ಲಿನಿಕ್‌ಗೂ ಕಡಿಮೆ ಇಲ್ಲದ ಪಾಠ ಅದು.

ನಿಲ್ಲೋ ಜಾಗಕ್ಕಿಂತ ಕೋನ ಮುಖ್ಯ

ಹತ್ರ ಇದ್ರೆ ಚೆನ್ನಾಗಿ ಕಾಣುತ್ತೆ ಅನ್ನೋದು ಅರ್ಧ ಸತ್ಯ. ಡ್ರಿಬಲ್ ಮಾಡೋನ ಬೆನ್ನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತಿದ್ರೆ ನಿಮಗೆ ಕಾಣೋದು ಜೆರ್ಸಿ ನಂಬರ್, ಅವನ ಎದುರಿಗೆ ಡಿಫೆಂಡರ್‌ನ ಬೆರಳು ಬಾಲ್‌ಗೆ ತಾಗಿತಾ ಇಲ್ವಾ ಅನ್ನೋದು ಕಾಣಲ್ಲ. ರೆಫರಿ, ಆಟಗಾರ, ಡಿಫೆಂಡರ್ ಮೂರೂ ಒಂದೇ ಸಾಲಲ್ಲಿ ಬಂದ್ರೆ ಸ್ಟ್ರೈಟ್‌ಲೈನ್ ಆದ್ರಿ ಅಂತ ಅರ್ಥ. ಪರಿಹಾರ ಓಡೋದಲ್ಲ, ಪಕ್ಕಕ್ಕೆ ಒಂದು ಹೆಜ್ಜೆ. ಇಬ್ಬರ ನಡುವಿನ ಸಂದಿ ಕಾಣ್ಬೇಕು, ಆ ಸಂದೀಲಿ ಬಾಲ್ ಕಾಣ್ಬೇಕು, ಅಷ್ಟೇ. ಟ್ರೈಲ್ ಆದವರು ಆಟದ ಜೊತೆ ಸಣ್ಣಸಣ್ಣದಾಗಿ ಜರುಗ್ತಾನೇ ಇರ್ಬೇಕು, ಕಂಬದ ತರ ನಿಂತ್ರೆ ಎರಡು ಡ್ರಿಬಲ್‌ಗೊಮ್ಮೆ ಸ್ಟ್ರೈಟ್‌ಲೈನ್ ಆಗ್ತೀರಿ.

ಲೀಡ್ ಎಂಡ್‌ಲೈನ್‌ನಿಂದ ಒಂದು ಮೀಟರ್‌ನಷ್ಟು ಹಿಂದೆ, ದೇಹ ಸ್ವಲ್ಪ ಬ್ಯಾಸ್ಕೆಟ್ ಕಡೆ ತಿರುಗಿಸಿ ನಿಲ್ಲೋದು ಒಳ್ಳೇದು. ಗೆರೆ ಮೇಲೇ ನಿಂತ್ರೆ ಕಾಲುಗಳು ಕಾಣ್ತವೆ, ಮೇಲಿನ ಕೈಗಳು ಕಾಣಲ್ಲ, ಕತ್ತೆತ್ತಿ ನೋಡೋಷ್ಟರಲ್ಲಿ ಕಾಲು ತಪ್ಪಿಹೋಗುತ್ತೆ. ಎಂಡ್‌ಲೈನ್ ಹಿಂದೆ 2 ಮೀಟರ್ ಖಾಲಿ ಇರ್ಬೇಕು ಅಂತ ರೂಲ್ ಇದ್ರೂ ನಮ್ಮ ಎಷ್ಟೋ ಶಾಲಾ ಮೈದಾನಗಳಲ್ಲಿ ಅಲ್ಲಿ ಗೋಡೆ ಇರುತ್ತೆ, ಇಲ್ಲಾ ಬೈಕ್ ನಿಲ್ಸಿರ್ತಾರೆ, ಜನ ಗೆರೆಗೆ ಕಾಲು ತಾಗಿಸ್ಕೊಂಡು ಕೂತಿರ್ತಾರೆ. ಹೊರಗೆ ಕೂತವರ ಕಾಲಿಗೆ ಬಾಲ್ ತಾಗಿದ್ರೂ ಔಟ್, ಆಮೇಲೆ ಅವರು ಕಾಲು ಚಾಚದೆ ಇದ್ದಿದ್ರೆ ಬಾಲ್ ಉಳೀತಿತ್ತು ಅಂತ ಗಲಾಟೆ. ಮ್ಯಾಚ್‌ಗೆ ಅರ್ಧ ಗಂಟೆ ಮುಂಚೆ ಹೋಗಿ ಕೋರ್ಟ್ ಸುತ್ತ ಒಂದು ರೌಂಡ್ ನಡೀರಿ, ಗೆರೆ ಮಾಸಿಹೋಗಿದ್ರೆ ಸುಣ್ಣ ಹಾಕ್ಸಿ, ಜನರನ್ನ ಹಿಂದೆ ಕೂರ್ಸೋಕೆ ಆರ್ಗನೈಸರ್‌ಗೆ ಹೇಳಿ, ಎರಡೂ ಟೀಮ್‌ನ ಜೆರ್ಸಿ ಬಣ್ಣ ಸ್ಪಷ್ಟವಾಗಿ ಬೇರೆ ಇದೆಯಾ ನೋಡಿ. ರೂಲ್ ಪ್ರಕಾರ ಶೆಡ್ಯೂಲಲ್ಲಿ ಮೊದಲು ಹೆಸರಿರೋ ಟೀಮ್ ತಿಳಿ ಬಣ್ಣ ಹಾಕ್ಬೇಕು. ಸಂಜೆ ಫ್ಲಡ್‌ಲೈಟಲ್ಲಿ ಕಡುನೀಲಿ ಮತ್ತೆ ಕಪ್ಪು ಎರಡೂ ಒಂದೇ ತರ ಕಾಣುತ್ತೆ, ಬೆರಳು ಕಂಡ್ರೂ ಅದು ಯಾರ ಬೆರಳು ಅಂತ ಗೊತ್ತಾಗಲ್ಲ.

ಸೀಟಿ ಮತ್ತೆ ಕೈ ನಡುವೆ ಒಂದು ಉಸಿರು

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಜಾಗ ಇದು. ಬಾಲ್ ಔಟ್ ಆಯ್ತು, ಗೆರೆಯ ರೆಫರಿ ಸೀಟಿ ಊದಿದ್ರು, ಅಂಗೈ ಬಿಚ್ಚಿ ಕೈ ನೇರ ಮೇಲೆತ್ತಿದ್ರು, ಕ್ಲಾಕ್ ನಿಂತ್ತು. ಈಗ ನಿಲ್ಲಿ. ಅವಸರ ಏನೂ ಇಲ್ಲ, ಕ್ಲಾಕ್ ನಿಂತಾಗಿದೆ. ಕೊನೇ ಟಚ್ ನೀವು ಕಣ್ಣಾರೆ ನೋಡಿದ್ರೆ ನೇರವಾಗಿ ದಿಕ್ಕು ತೋರಿಸಿ, ಸೈಡ್‌ಲೈನ್‌ಗೆ ಸಮಾನಾಂತರವಾಗಿ ಬೆರಳು ಚಾಚಿ ಬಣ್ಣ ಜೋರಾಗಿ ಹೇಳಿ. ನೋಡಿಲ್ಲ ಅಂದ್ರೆ, ಅಥವಾ ಇರಬಹುದೇನೋ ಅನ್ನೋ ಮಟ್ಟದಲ್ಲಿದ್ರೆ, ಕೈ ಮೇಲೆ ಇಟ್ಕೊಂಡೇ ಪಾರ್ಟ್‌ನರ್ ಕಡೆ ನೋಡಿ. ಅವರಿಗೆ ಗೊತ್ತಿದ್ರೆ ಮೊದಲೇ ಒಪ್ಕೊಂಡಿರೋ ಸಣ್ಣ ಸನ್ನೆ ಮಾಡ್ತಾರೆ, ಎದೆ ಮುಂದೆ ಬೆರಳಲ್ಲಿ ದಿಕ್ಕು ತೋರಿಸೋದು ಸಾಕು, ಆಮೇಲೆ ನೀವು ದೊಡ್ಡದಾಗಿ ತೋರಿಸಿ. ಅವರಿಗೂ ಗೊತ್ತಿಲ್ಲ ಅಂದ್ರೆ ಎರಡು ಹೆಬ್ಬೆರಳು ಮೇಲೆ, ಜಂಪ್ ಬಾಲ್, ಆರೋ ನೋಡಿ ದಿಕ್ಕು. ಇಷ್ಟಕ್ಕೂ ಎರಡು ಸೆಕೆಂಡ್ ಹಿಡಿಯಲ್ಲ.

ಮೊದಲು ದಿಕ್ಕು ತೋರ್ಸಿ ಆಮೇಲೆ ಪಾರ್ಟ್‌ನರ್ ಕಡೆ ನೋಡಿದ್ರೆ ಆ ನೋಟಕ್ಕೆ ಬೆಲೆ ಇಲ್ಲ. ಒಂದು ಟೀಮ್ ಆಗ್ಲೇ ಬಾಲ್ ನಮ್ದು ಅಂತ ಓಡಿರುತ್ತೆ, ಈಗ ಬದಲಾಯಿಸಿದ್ರೆ ಇಬ್ಬರೂ ಕಳ್ಕೊಂಡ ಹಾಗೆ ಆಗುತ್ತೆ. ಆಟಗಾರರ ಕೈ ನೋಡಿ ಡಿಸೈಡ್ ಮಾಡೋದಂತೂ ಬೇಡವೇ ಬೇಡ, ಔಟ್ ಆದ ತಕ್ಷಣ ಹತ್ತೂ ಜನ ತಮ್ಮ ಕಡೆಗೇ ಕೈ ತೋರಿಸ್ತಾರೆ.

ಇನ್ನು ಪಾರ್ಟ್‌ನರ್ ಕಡೆಯಿಂದ ಯೋಚಿಸಿ. ನಿಮ್ಮ ಗೆರೆ ಅಲ್ಲ, ಬೇರೆಯವರು ಸೀಟಿ ಊದಿದ್ದಾರೆ, ಅವರ ಕಣ್ಣು ನಿಮ್ಮ ಕಡೆ ಬಂದಾಗ ನೀವು ಅವರನ್ನೇ ನೋಡ್ತಾ ಇರ್ಬೇಕು. ಪ್ರತಿ ಔಟ್‌ಗೂ. ನೂರಕ್ಕೆ ನೂರು ಗೊತ್ತಿದ್ರೆ ಮಾತ್ರ ಸನ್ನೆ ಮಾಡಿ, ಅನುಮಾನಕ್ಕೆ ಅನುಮಾನ ಸೇರಿಸೋ ಕೆಲಸ ನಿಮ್ಮದಲ್ಲ. ಗೊತ್ತಿಲ್ಲ ಅಂದ್ರೆ ತಲೆ ಸಣ್ಣಗೆ ಅಲ್ಲಾಡಿಸಿ, ಅದೂ ಒಂದು ಮಾಹಿತೀನೇ. ಇಬ್ಬರೂ ಒಟ್ಟಿಗೆ ಸೀಟಿ ಊದಿದ್ರೆ ಇಬ್ಬರೂ ಕೈ ಮೇಲೆತ್ತಿ ಹಿಡೀರಿ, ದಿಕ್ಕು ಮಾತ್ರ ಗೆರೆಯವರೇ ತೋರಿಸ್ಲಿ. ಇಬ್ಬರು ರೆಫರಿ ಎರಡು ದಿಕ್ಕಿಗೆ ಬೆರಳು ತೋರಿಸಿದ ಮ್ಯಾಚಲ್ಲಿ ಉಳಿದ ಹೊತ್ತು ಪೂರ್ತಿ ಯಾವ ತೀರ್ಪನ್ನೂ ಯಾರೂ ನಂಬಲ್ಲ.

ಪಾರ್ಟ್‌ನರ್ ತಪ್ಪು ದಿಕ್ಕು ತೋರಿಸಿಬಿಟ್ರು, ನೀವು ಸ್ಪಷ್ಟವಾಗಿ ಬೇರೆ ನೋಡಿದೀರಿ, ಆಗೇನು? ಸುಮ್ನಿರೋದು ಮರ್ಯಾದೆ ಅಂತ ಕೆಲವರು ಅಂದ್ಕೋತಾರೆ, ನಾನು ಒಪ್ಪಲ್ಲ. ತಕ್ಷಣ ಚಿಕ್ಕದಾಗಿ ಸೀಟಿ ಊದಿ, ಓಡದೆ ಬೇಗ ನಡ್ಕೊಂಡು ಅವರ ಹತ್ರ ಹೋಗಿ, ಆಟಗಾರರಿಗೆ ಬೆನ್ನು ಹಾಕಿ ನೋಡಿದ್ದನ್ನ ಮಾತ್ರ ಹೇಳಿ, ‘ಬಿಳಿ ಹೊಡೆದ, ಆಮೇಲೆ ನೀಲಿ ಬೆರಳು ತಾಗ್ತು’, ಮುಗೀತು. ‘ನಂಗನ್ಸುತ್ತೆ’ ಅಂತ ಶುರುವಾಗೋ ವಾಕ್ಯ ಇದ್ರೆ ಹೋಗ್ಲೇಬೇಡಿ. ಬದಲಾಯಿಸೋದು ಬಿಡೋದು ಮೊದಲು ಕಾಲ್ ಮಾಡಿದವರ ಕೈಲಿ, ಹೊಸ ಸನ್ನೇನೂ ಅವರೇ ಮಾಡ್ಬೇಕು, ಒಬ್ಬ ರೆಫರಿ ಇನ್ನೊಬ್ಬರ ಕಾಲ್ ಅಳಿಸಿಹಾಕೋ ಅಧಿಕಾರ ಯಾರಿಗೂ ಇಲ್ಲ. ಇಬ್ಬರೂ ತಾವು ನೋಡಿದ್ದೇ ಸರಿ ಅಂತ ನಿಂತ್ರೆ ಜಗಳ ಬೇಡ, ಒಮ್ಮತ ಇಲ್ಲ ಅಂದ್ರೆ ಜಂಪ್ ಬಾಲ್ ಅಂತ ರೂಲೇ ಹೇಳುತ್ತೆ. ಇದೆಲ್ಲ ಥ್ರೋ-ಇನ್‌ಗೆ, ಅಂದ್ರೆ ಹೊರಗಿಂದ ಒಳಗೆ ಎಸೆಯೋಕೆ, ಬಾಲ್ ಕೈಗೆ ಕೊಡೋಕೆ ಮುಂಚೆ ಮುಗೀಬೇಕು.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷ ಮತ್ತೆ ಓವರ್‌ಟೈಮ್‌ನ ಕೊನೆಯ 2 ನಿಮಿಷದಲ್ಲಿ ಯಾರಿಂದ ಔಟ್ ಆಯ್ತು ಅಂತ ರೀಪ್ಲೇ ನೋಡೋಕೆ ಅವಕಾಶ ಇದೆ. ನಮಗೆ ಆ ಸೌಲಭ್ಯ ಇಲ್ಲ, ನಮ್ಮ ರೀಪ್ಲೇ ಅಂದ್ರೆ ಪಾರ್ಟ್‌ನರ್ ಕಣ್ಣೇ.

ಕಷ್ಟದ ಸನ್ನಿವೇಶಗಳು

ರೀಬೌಂಡ್ ಗುಂಪು. ರಿಂಗ್ ಕೆಳಗೆ ಆರು ಕೈ ಮೇಲೆದ್ದಿದೆ, ಬಾಲ್ ಒದ್ದಾಡಿ ಎಂಡ್‌ಲೈನ್ ದಾಟ್ತು. ಸೀಟಿ ಲೀಡ್‌ದು, ಆದ್ರೆ ಮೇಲಿನ ಕೈಗಳು ಚೆನ್ನಾಗಿ ಕಾಣೋದು ಟ್ರೈಲ್‌ಗೆ, ಮೂರು ಜನ ಇದ್ರೆ ಸೆಂಟರ್‌ಗೂ. ಶಾಟ್ ಹೋದ ಕೂಡ್ಲೇ ಟ್ರೈಲ್ ಹಿಂದೆ ತಿರುಗಿ ಓಡೋಕೆ ಶುರು ಮಾಡಿದ್ರೆ ಆ ಮಾಹಿತಿ ಹೋಯ್ತು. ಒಂದೆರಡು ಹೆಜ್ಜೆ ಮುಂದೆ ಬಂದು ರೀಬೌಂಡ್ ಮುಗಿಯೋವರೆಗೂ ನೋಡಿ. ಲೀಡ್ ಈ ಒಂದು ಸನ್ನಿವೇಶದಲ್ಲಿ ಪ್ರತಿ ಸಲವೂ ಪಾರ್ಟ್‌ನರ್ ಕಡೆ ನೋಡ್ಲಿ, ತನಗೆ ಗೊತ್ತಿದೆ ಅನ್ಸಿದ್ರೂ.

ಹಾರಿ ಉಳಿಸೋದು. ಗೆರೆಯವರು ಕಾಲು ನೋಡ್ಬೇಕು, ಬಾಲ್ ಅಲ್ಲ. ಬಾಲ್ ಯಾರಿಗೆ ತಾಗ್ತು, ಒಳಗೆ ಎಸೆದಿದ್ದು ಯಾರ ಮೈಗೆ ಬಡಿದು ವಾಪಸ್ ಹೊರಗೆ ಹೋಯ್ತು ಅನ್ನೋದನ್ನ ಪಾರ್ಟ್‌ನರ್ ನೋಡ್ಲಿ. ಒಬ್ಬರೇ ಎರಡನ್ನೂ ನೋಡೋಕೆ ಆಗಲ್ಲ.

ಹೆಲ್ಡ್ ಬಾಲ್ ಎಳೆದಾಟ. ಇಬ್ಬರೂ ಬಾಲ್ ಗಟ್ಟಿಯಾಗಿ ಹಿಡ್ಕೊಂಡು ಎಳೆದಾಡ್ತಾ ಒಬ್ಬ ಗೆರೆ ತುಳಿದ್ರೆ ಅದು ಔಟ್ ಅಲ್ಲ, ಜಂಪ್ ಬಾಲ್. ಇಲ್ಲಿ ಹತ್ರದಲ್ಲಿರೋರು ಬೇಗ ಸೀಟಿ ಊದ್ಬೇಕು, ತಡ ಮಾಡಿದಷ್ಟೂ ಮೊಣಕೈ ಓಡಾಡುತ್ತೆ.

ಕೈ ಮೇಲೆ ಹೊಡೆತ ಬಿದ್ದು ಬಾಲ್ ಔಟ್ ಆಗೋದು. ಡಿಫೆಂಡರ್ ಬಾಲ್ ಬದಲು ಕೈಗೆ ಹೊಡೆದ, ಬಾಲ್ ಅಟ್ಯಾಕರ್ ಬೆರಳಿಂದ ಜಾರಿ ಹೊರಗೆ ಹೋಯ್ತು. ಫೌಲ್ ಕೊಡೋಕೆ ಮನಸ್ಸಿಲ್ಲ, ಹಾಗಂತ ಡಿಫೆಂಡರ್‌ಗೆ ಬಾಲ್ ಕೊಡೋಕೂ ಮನಸ್ಸಿಲ್ಲ ಅಂತ ಅಟ್ಯಾಕರ್‌ಗೇ ಔಟ್ ಬಾಲ್ ಕೊಟ್ಟು ಸಮಾಧಾನ ಮಾಡೋ ಅಭ್ಯಾಸ ತುಂಬಾ ಕಡೆ ಇದೆ. ನನಗೆ ಇದು ಸರಿ ಕಾಣಲ್ಲ. ಫೌಲ್ ಆಗಿದ್ರೆ ಫೌಲ್ ಕೊಡಿ, ಆಗಿಲ್ಲ ಅಂದ್ರೆ ಕೊನೇ ಟಚ್ ಯಾರದ್ದೋ ಅದರ ಪ್ರಕಾರ ಕೊಡಿ. ಮಧ್ಯದ ದಾರಿ ಹಿಡಿದ್ರೆ ಮುಂದಿನ ಸಲ ಪಾರ್ಟ್‌ನರ್ ಅದೇ ಆಟಕ್ಕೆ ನಿಜವಾದ ರೂಲ್ ಹಾಕಿದಾಗ ಇಬ್ಬರೂ ಬೇರೆ ಬೇರೆ ಮ್ಯಾಚ್ ಆಡಿಸ್ತಾ ಇದ್ದ ಹಾಗೆ ಕಾಣುತ್ತೆ.

ಕಾಲ್ ಆದ್ಮೇಲೆ

ಥ್ರೋ-ಇನ್ ಔಟ್ ಆದ ಜಾಗಕ್ಕೆ ಹತ್ರದಿಂದಲೇ, ಬೋರ್ಡ್‌ನ ನೇರ ಹಿಂದೆ ಮಾತ್ರ ಬೇಡ. ಬಾಲ್ ಕೊಡೋಕೆ ಮುಂಚೆ ಪಾರ್ಟ್‌ನರ್ ತಮ್ಮ ಜಾಗಕ್ಕೆ ಬಂದಿದ್ದಾರಾ, ಸಬ್‌ಸ್ಟಿಟ್ಯೂಷನ್ ಇದೆಯಾ, ಟೇಬಲ್ ರೆಡಿ ಇದೆಯಾ ನೋಡಿ. ಬಾಲ್ ಕೊಟ್ಟ ಮೇಲೆ 5 ಸೆಕೆಂಡ್ ಎಣಿಕೆ ನಿಮ್ಮದು, ಉಳಿದ ಆಟಗಾರರ ತಳ್ಳಾಟ ಪಾರ್ಟ್‌ನರ್‌ದು.

ಶಾಟ್ ಕ್ಲಾಕ್‌ನ (ಒಂದು ಟೀಮ್ 24 ಸೆಕೆಂಡ್ ಒಳಗೆ ಶಾಟ್ ಹೊಡೀಬೇಕು ಅಂತ ಎಣಿಸೋ ಗಡಿಯಾರ) ಮರೀತಾರೆ, ಇದನ್ನೂ ಹಂಚ್ಕೊಳ್ಳಿ. ಕಂಟ್ರೋಲ್ ಇದ್ದ ಟೀಮ್‌ಗೇ ಔಟ್ ಬಾಲ್ ಸಿಕ್ಕಿದ್ರೆ ಶಾಟ್ ಕ್ಲಾಕ್ ರೀಸೆಟ್ ಆಗಲ್ಲ, ಉಳಿದಿದ್ದೇ ಮುಂದುವರಿಯುತ್ತೆ. ಶಾಟ್ ರಿಂಗ್‌ಗೆ ತಾಗಿ ಆಮೇಲೆ ಡಿಫೆಂಡರ್‌ನಿಂದ ಔಟ್ ಆದ್ರೆ ಅದೇ ಟೀಮ್‌ಗೆ 14 ಸೆಕೆಂಡ್. ಅಂದ್ರೆ ಕೊನೇ ಟಚ್ ಯಾರದ್ದು ಅನ್ನೋದರ ಜೊತೆ ರಿಂಗ್ ತಾಗ್ತಾ ಇಲ್ವಾ ಅನ್ನೋದೂ ಯಾರಾದ್ರೂ ಒಬ್ಬರು ನೋಡಿರ್ಬೇಕು, ಅದು ಟ್ರೈಲ್‌ಗೆ ಚೆನ್ನಾಗಿ ಕಾಣುತ್ತೆ. ಟೇಬಲಲ್ಲಿ ಕಾಲೇಜ್ ಹುಡುಗರು ಕೂತಿದ್ರೆ ಗಾಬರೀಲಿ 24ಕ್ಕೆ ಒತ್ತಿರ್ತಾರೆ, ಸೀಟಿ ಊದಿದವರು ಬಾಲ್ ತರ್ಸೋ ಹೊತ್ತಲ್ಲಿ ಇನ್ನೊಬ್ಬರು ಕ್ಲಾಕ್ ನೋಡಿ ಸರಿ ಮಾಡ್ಸಿ. ಆರೋ ಬಳಸಿದ್ರೆ ಆ ಥ್ರೋ-ಇನ್ ಮುಗಿದ ಮೇಲೆ ಅದನ್ನ ತಿರುಗಿಸಿದ್ರಾ ಅಂತಲೂ ಒಂದ್ಸಲ ನೋಡಿ, ರಟ್ಟಿನ ಆರೋ ಆದ್ರೆ ಗಾಳಿಗೂ ತಿರುಗುತ್ತೆ.

ಪ್ರಾಕ್ಟೀಸ್‌ಗೆ ಹೆಚ್ಚೇನೂ ಬೇಡ. ನಿಮ್ಮೂರ ಕ್ಲಬ್‌ನ ಹುಡುಗರು ಸಂಜೆ ಆಡೋವಾಗ ಇಬ್ಬರು ಹೋಗಿ ಗೆರೆ ಹಂಚ್ಕೊಂಡು ನಿಲ್ಲಿ, ಔಟ್ ಮಾತ್ರ ಕಾಲ್ ಮಾಡಿ, ಬೇರೆ ಏನೂ ಬೇಡ. ಪ್ರತಿ ಔಟ್‌ಗೂ ಕೈ ಮೇಲೆ, ಕಣ್ಣು ಪಾರ್ಟ್‌ನರ್ ಮೇಲೆ, ಆಮೇಲೆ ದಿಕ್ಕು. ಯಾರಾದ್ರೂ ಫೋನಲ್ಲಿ ವಿಡಿಯೋ ಮಾಡಿದ್ರೆ ಆಟ ಮುಗಿದ ಮೇಲೆ ಇಬ್ಬರೂ ಕೂತು ನೋಡಿ, ಕಾಲ್ ಸರಿನಾ ತಪ್ಪಾ ಅನ್ನೋದಕ್ಕಿಂತ ಆ ಕ್ಷಣ ಇಬ್ಬರಲ್ಲಿ ಯಾರಿಗೆ ಸಂದಿ ಕಾಣ್ತಿತ್ತು, ಯಾರು ಸ್ಟ್ರೈಟ್‌ಲೈನ್ ಆಗಿದ್ರು ಅಂತ ಹುಡುಕಿ.